ಸ್ಕ್ಯಾಟ್‌ಸ್ಯಾಟ್ ಗಾಳಿ ಸೋಸುವ ಕೆಲಸ, ಮೂರನೇ ವಾರ: ಬಳೆ ಸಿಕ್ಕಿತು!

ಸ್ಕ್ಯಾಟ್‌ಸ್ಯಾಟ್ ಅಂದರೆ ಸಮುದ್ರಕ್ಕೆ ರೇಡಾರ್ ಅಲೆ ಬಿಟ್ಟು, ವಾಪಸ್ ಬರುವ ಹೊಳಪಿನಿಂದ ಗಾಳಿಯ ವೇಗ, ದಿಕ್ಕು ಅಂದಾಜು ಮಾಡುತ್ತಿದ್ದ ಇಸ್ರೋ ಉಪಗ್ರಹ. ಅದರ ಹಳೆ ಫೈಲುಗಳಿಂದ ಕೆಟ್ಟ ಅಳತೆಗಳನ್ನು ಸೋಸಿ ತೆಗೆಯೋದು ನನ್ನ ಕೆಲಸ. ನಿನ್ನೆ ರಾತ್ರಿ ಹನ್ನೊಂದೂವರೆಗೆ, ಸುಳ್ಳು ಜೋರು ಗಾಳಿ ತೋರಿಸುತ್ತಿದ್ದ ಆ ಹಾಳು ಕೆಂಪು ಮಚ್ಚೆ ನಕ್ಷೆಯಿಂದ ತೊಲಗಿತು. ಇವತ್ತು ಬೆಳಗ್ಗೆ ಬೇರೆ ತಲೆನೋವು ಶುರುವಾಗಿದೆ, ಇರಲಿ, ಮೊದಲು ಗೆದ್ದಿದ್ದನ್ನು ಬರೆಯುತ್ತೇನೆ.

ಫೈಲ್ ಇಳಿಸೋದು, ನೆಲದ ಮೇಲೆ ಬೀಳುವ ಕೋಶ (ನಕ್ಷೆಯ ಚೌಕ) ಕಿತ್ತು ಹಾಕೋದು, ದಿಕ್ಕನ್ನು ಯು ಮತ್ತು ವಿ (ಗಾಳಿಯ ಪೂರ್ವ ಪಶ್ಚಿಮ, ಉತ್ತರ ದಕ್ಷಿಣ ಪಾಲು) ಮಾಡಿಕೊಳ್ಳೋದು ನಿಮಗೆಲ್ಲ ಗೊತ್ತಿರುವುದೇ. ಒಂದು ಪೆದ್ದುತನ ಮಾತ್ರ ಒಪ್ಪಿಕೊಳ್ಳುತ್ತೇನೆ. ಪ್ರತಿ ಕೋಶದ ಜೊತೆ ಅದರ ಅಳತೆ ಹೇಗಿದೆ ಅಂತ ಹೇಳುವ ಒಂದು ಸಂಖ್ಯೆ ಬರುತ್ತೆ, ಅದೇ ಫ್ಲ್ಯಾಗ್. ಮೊದಲ ವಾರ ಪೂರ್ತಿ ನಾನು 'ಫ್ಲ್ಯಾಗ್ ಸೊನ್ನೆ ಇದ್ದರೆ ಇಟ್ಟುಕೋ, ಇಲ್ಲದಿದ್ದರೆ ಬಿಸಾಕು' ಅಂತ ಬರೆದಿದ್ದೆ. ಆದರೆ ಒಎಸ್‌ಐ ಸ್ಯಾಫ್ (ಉಪಗ್ರಹದ ಸಮುದ್ರ ಮಾಹಿತಿ ಹಂಚುವ ಯುರೋಪಿನ ಸಂಸ್ಥೆ) ಫೈಲಿನಲ್ಲಿ ಗಾಳಿ 3 ಮೀ/ಸೆ ಒಳಗಿದ್ದರೂ ಒಂದು ಬಿಟ್ ಏಳುತ್ತೆ, 2048. ಅದು ತಪ್ಪಿನ ಗುರುತಲ್ಲ, ಸುಮ್ನೆ ಮಾಹಿತಿ. ನಾನು ನೆಮ್ಮದಿಯಾಗಿ ಮಲಗಿದ್ದ ಸಮುದ್ರವನ್ನೆಲ್ಲ ಎತ್ತಿ ಹೊರಗೆ ಹಾಕಿ, 'ಅರೆ, ಸರಾಸರಿ ಗಾಳಿ ಯಾಕೆ ಇಷ್ಟು ಜಾಸ್ತಿ ಬರ್ತಿದೆ' ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈಗ ಗುಣಮಟ್ಟದ ಪರೀಕ್ಷೆಯಲ್ಲಿ ಫೇಲ್ ಅನ್ನುವ ಬಿಟ್, 131072, ಎದ್ದರೆ ಮಾತ್ರ ಕಿತ್ತು ಹಾಕುತ್ತೇನೆ.

ಈಗ ಮಚ್ಚೆ. 2018ರ ಜೂನ್, ಉಪಗ್ರಹದ ಬೆಳಗಿನ ಪಾಸ್ (ಮೇಲಿಂದ ಹಾದುಹೋಗುವ ಒಂದು ಸುತ್ತು), 25 ಕಿ.ಮೀ. ಕೋಶಗಳು. ಕಾರವಾರದಿಂದ ಪಡುವಣಕ್ಕೆ ಇನ್ನೂರು ಕಿ.ಮೀ. ಆಚೆ, ಸುತ್ತಮುತ್ತ ಎಲ್ಲ 8, 9 ಮೀ/ಸೆ, ನಡುವೆ ಹತ್ತು ಹನ್ನೆರಡು ಕೋಶ ಮಾತ್ರ 16. ಆ ಕೋಶಗಳ ಮೇಲೆ ಒಂದೂ ಫ್ಲ್ಯಾಗ್ ಇಲ್ಲ. ಉಳಿಕೆ (ಅಳತೆಗೂ ಲೆಕ್ಕ ಹಾಕಿದ ಗಾಳಿಗೂ ಇರುವ ಹೊಂದಾಣಿಕೆಯ ತಪ್ಪು) ನೋಡಿದರೆ ಅಪ್ಪಟ ಬಂಗಾರ, ಅಕ್ಕಪಕ್ಕದ ಒಳ್ಳೆ ಕೋಶಗಳಿಗಿಂತ ಕಡಿಮೆ.

ಮಳೆ ಅಂತ ಮೊದಲ ದಿನವೇ ಅನುಮಾನ ಬಂದಿತ್ತು. ಸ್ಕ್ಯಾಟ್‌ಸ್ಯಾಟ್‌ನ ರೇಡಾರ್ 13.5 ಗಿಗಾಹರ್ಟ್ಸ್, ಅಂದರೆ ಸುಮಾರು 2.2 ಸೆಂ.ಮೀ. ಅಲೆ, ಮುಂಗಾರಿನ ದಪ್ಪ ಹನಿ ಅದಕ್ಕೆ ಕಣ್ಣಿಗೆ ಬಿದ್ದೇ ಬೀಳುತ್ತೆ. ಆದರೆ ಮಳೆ ಬಂದರೆ ಉಳಿಕೆ ಏರಬೇಕು, ಫ್ಲ್ಯಾಗ್ ಏಳಬೇಕು, ಅಲ್ವಾ? ಇಲ್ಲೇ ನಾನು ಹತ್ತು ದಿನ ಕಳೆದೆ. ಕೋರ್ಟಿನ ಕತೆ ಅಂದುಕೊಳ್ಳಿ. ಒಂದು ಕೋಶಕ್ಕೆ ನಾಲ್ಕು ಸಾಕ್ಷಿ: ಒಳಗಿನ ಕಿರಣ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ, ಹೊರಗಿನದೂ ಹಾಗೇ. ಅರ್ಧ ಮಳೆ ಅರ್ಧ ಸಮುದ್ರ ಇದ್ದರೆ ನಾಲ್ವರೂ ಬೇರೆ ಬೇರೆ ಮಾತಾಡುತ್ತಾರೆ, ಸಿಕ್ಕಿಬೀಳುತ್ತಾರೆ. ಕೋಶದ ತುಂಬ ಜೋರು ಮಳೆ ಇದ್ದರೆ? ಹನಿಗಳಿಗೆ ದಿಕ್ಕಿಲ್ಲ, ಎಲ್ಲಿಂದ ನೋಡಿದರೂ ಒಂದೇ ಹೊಳಪು. ನಾಲ್ವರೂ ಗಿಳಿಪಾಠದ ಹಾಗೆ ಒಂದೇ ಸುಳ್ಳು ಒಪ್ಪಿಸುತ್ತಾರೆ, 'ಸ್ವಾಮಿ, ಜೋರು ಗಾಳಿ, ಉಪಗ್ರಹದ ದಾರಿಗೆ ಅಡ್ಡವಾಗಿ ಬೀಸ್ತಿತ್ತು' ಅಂತ. ಉಳಿಕೆ ನೋಡುವ ಜಡ್ಜ್ ಸಾಹೇಬರು ಖುಷಿಯಾಗಿ ಬಿಟ್ಟು ಕಳಿಸುತ್ತಾರೆ.

ಬೇರೆ ಸಮುದ್ರದಲ್ಲಾದರೆ ಆ 'ಅಡ್ಡವಾಗಿ' ಅನ್ನುವುದರಲ್ಲೇ ಕಳ್ಳ ಸಿಗುತ್ತಾನೆ. ನಮ್ಮ ಕರಾವಳಿಯ ಹಣೆಬರಹ ನೋಡಿ. ಉಪಗ್ರಹ ಹೋಗುವುದು ಹೆಚ್ಚುಕಡಿಮೆ ಉತ್ತರ ದಕ್ಷಿಣ, ಅದಕ್ಕೆ ಅಡ್ಡ ಅಂದರೆ ಪೂರ್ವ ಪಶ್ಚಿಮ. ಜೂನ್‌ನಲ್ಲಿ ಕಾರವಾರದಾಚೆ ನಿಜವಾಗಿ ಬೀಸೋದೂ ಪಡುಗಾಳಿಯೇ! ಸುಳ್ಳು ದಿಕ್ಕೂ ನಿಜ ದಿಕ್ಕೂ ಒಂದೇ. ದಿಕ್ಕಿನ ಮೇಲೆ ಬರೆದ ಮೂರು ಫಂಕ್ಷನ್ ಅಳಿಸಿದೆ. ಒಂದಕ್ಕೆ ಚೆಂದದ ಹೆಸರೂ ಇಟ್ಟಿದ್ದೆ.

ಮಳೆ ಅಂತ ಖಾತ್ರಿ ಮಾಡಿಕೊಟ್ಟಿದ್ದು ಆಸ್ಕ್ಯಾಟ್, ಯುರೋಪಿನ ಮೆಟ್‌ಆಪ್ ಉಪಗ್ರಹದ ಮೇಲಿರುವ ಇಂಥದ್ದೇ ಗಾಳಿ ರೇಡಾರ್. ಸ್ಕ್ಯಾಟ್‌ಸ್ಯಾಟ್, ಮೆಟ್‌ಆಪ್ ಎರಡೂ ಆಗ ಬೆಳಗಿನ ಒಂಬತ್ತು, ಒಂಬತ್ತೂವರೆ ಆಸುಪಾಸಿಗೆ ಹಾದುಹೋಗುತ್ತಿದ್ದವು, ಹಾಗಾಗಿ ಜೋಡಿ ಸಿಗುತ್ತಿತ್ತು. ಆದರೆ ಆಸ್ಕ್ಯಾಟ್ ಎಡಬಲಕ್ಕೆ ನೋಡುವ ಎರಡು ಪಟ್ಟಿಗಳ ನಡುವೆ ಸುಮಾರು 700 ಕಿ.ಮೀ. ಖಾಲಿ, ನಮ್ಮ ಮಚ್ಚೆ ಅದರೊಳಗೆ ಬೀಳದೇ ಇದ್ದದ್ದು ಪುಣ್ಯ. ಆಸ್ಕ್ಯಾಟ್ 5.3 ಗಿಗಾಹರ್ಟ್ಸ್‌ನದು, ಮಳೆಗೆ ಅಷ್ಟು ಬೆದರುವುದಿಲ್ಲ. ಅದೇ ಜಾಗದಲ್ಲಿ ಅದು ಹೇಳಿದ್ದು 9. ಐಮರ್ಗ್‌ನ (ನಾಸಾದ ಉಪಗ್ರಹ ಮಳೆ ಲೆಕ್ಕ) ಅರ್ಧ ಗಂಟೆಯ ಮಳೆ ನಕ್ಷೆ ಹಾಸಿದೆ, ಮಚ್ಚೆಯ ಮೇಲೇ ಮೋಡ ಕೂತಿತ್ತು.

ಖಾತ್ರಿಯಾಯ್ತು, ಆದರೆ ದಿನಾ ಆಸ್ಕ್ಯಾಟ್ ಎಲ್ಲಿಂದ ತರಲಿ? ಸುತ್ತಲಿನ 3 ಗುಣಿಸು 3 ಕೋಶಗಳ ಮೀಡಿಯನ್ (ನಡುವಿನ ಬೆಲೆ) ತೆಗೆದು ನೋಡಿದೆ, ಮಚ್ಚೆಯೇ ಅದಕ್ಕಿಂತ ದೊಡ್ಡದು, ಕಳ್ಳರೇ ಕಳ್ಳರಿಗೆ ಜಾಮೀನು. 9 ಗುಣಿಸು 9 ಮಾಡಿದರೆ ನಿಜವಾದ ಗಾಳಿ ಅಂಚುಗಳೂ ಹೋದವು. ಫೈಲಿನಲ್ಲೇ ಇರುವ ಹವಾಮಾನ ಮಾಡೆಲ್ ವೇಗಕ್ಕೆ ಹೋಲಿಸೋಣ ಅಂದರೆ, ಮಾಡೆಲ್ ಹೇಳಿದ್ದನ್ನೇ ನಂಬುವುದಾದರೆ ಉಪಗ್ರಹ ಯಾಕೆ ಬೇಕಿತ್ತು?

ಈ ನಡುವೆ ಹಾರ್ಡ್ ಡಿಸ್ಕ್ ಸತ್ತಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 'ಸೀಲ್ ಪ್ಯಾಕ್ ಸಾರ್' ಅಂತ ಕೊಟ್ಟಿದ್ದ 2 ಟಿಬಿ, ಪರೀಕ್ಷೆ ಮಾಡಿದರೆ ಅದಾಗಲೇ ಸಾವಿರಾರು ಗಂಟೆ ಓಡಿದ್ದ ಡಿಸ್ಕ್. ವಾಪಸ್ ಒಯ್ದರೆ 'ನೀವು ಜಾಸ್ತಿ ಓಡಿಸಿದೀರ' ಅಂದ. ಹನ್ನೆರಡು ದಿನದಲ್ಲಿ!

ಹೊಸ ಡಿಸ್ಕಿಗೆ ಮತ್ತೆ ಫೈಲ್ ಇಳಿಯುವಾಗ ಕೆಲಸವಿಲ್ಲದೆ, ಕಿತ್ತುಹಾಕಿದ ಕೋಶಗಳನ್ನು ಕಪ್ಪು ಚುಕ್ಕೆ ಮಾಡಿ ಬರೆದೆ. ಅಲ್ಲಿತ್ತು ನೋಡಿ. ಮಚ್ಚೆಯ ಸುತ್ತ ಕಪ್ಪು ಚುಕ್ಕೆಗಳ ಬಳೆ! ಅರ್ಧ ಮಳೆಯ ಅಂಚಿನ ಕೋಶಗಳು ಸಿಕ್ಕಿಬಿದ್ದಿವೆ, ಒಳಗಿನ ಪೂರ್ತಿ ಮಳೆಯವು ಆರಾಮಾಗಿ ಕೂತಿವೆ. ಮೂರು ವಾರ ಆ ಚುಕ್ಕೆಗಳನ್ನು ಬರೆಯುವ ಮೊದಲೇ ಅಳಿಸುತ್ತಿದ್ದೆ.

ಈಗಿನ ನಿಯಮ ಇಷ್ಟೇ. ಫ್ಲ್ಯಾಗ್ ಆದ ಬಳೆ, ಅದರೊಳಗೆ ಫ್ಲ್ಯಾಗ್ ಇಲ್ಲದ ಕೋಶಗಳು, ಅವು ಬಳೆಯ ಹೊರಗಿನವುಗಳಿಗಿಂತ 4 ಮೀ/ಸೆಗೂ ಜಾಸ್ತಿ ಇದ್ದರೆ ಒಳಗಿನವೂ ಔಟ್. ಜಾಸ್ತಿ ಇದ್ದರೆ ಮಾತ್ರ, ಯಾಕೆಂದರೆ ಗಾಳಿ ಸಾಧಾರಣ ಇದ್ದಾಗ ಮಳೆ ವೇಗವನ್ನು ಏರಿಸುತ್ತದೆ. ಸುತ್ತಲಿನ ಕೋಶಗಳ ವೇಗ ನೋಡಿ ಮಳೆ ಹಿಡಿಯುವುದನ್ನು ನೆದರ್ಲೆಂಡ್ಸ್‌ನ ಹವಾಮಾನ ಸಂಸ್ಥೆ ಕೆಎನ್‌ಎಮ್‌ಐನವರು ಚೊಕ್ಕವಾಗಿ ಮಾಡಿದ್ದಾರೆ, ನನ್ನದು ಬಡವರ ಮನೆ ಊಟ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ: ಕುಂದಾಪುರದ ಹತ್ತಿರ ಮಾವನ ಮನೆ ತಾರಸಿ ಮೇಲೆ ಒಂದು ಗಾಳಿ ಮಾಪಕ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್, ಗಾಳಿಗೆ ತಿರುಗೋಕೆ ಮೂರು ಸ್ಟೀಲ್ ಸೌಟು. ದಡದ ಕೋಶ ಉಪಗ್ರಹಕ್ಕೆ ಹೇಗೂ ಸಿಗೋದಿಲ್ಲ. ಅತ್ತೆ ಸೌಟು ಕೊಡಲ್ಲ ಅಂದಿದ್ದಾರೆ.

ಇನ್ನು ಇವತ್ತು ಬೆಳಗಿನ ತಲೆನೋವು. ಜೋಶ್‌ನಲ್ಲಿ ಅದೇ ನಿಯಮವನ್ನು 2017ರ ಓಖಿ ಚಂಡಮಾರುತದ ಪಾಸ್ ಮೇಲೆ ಓಡಿಸಿದೆ. ಚಂಡಮಾರುತದ ಸುತ್ತಲೂ ಫ್ಲ್ಯಾಗ್ ಬಳೆ ಇರುತ್ತೆ, ಒಳಗೆ ಗಾಳಿ ಜಾಸ್ತಿಯೇ ಇರುತ್ತೆ, ಅದೂ ನಿಜವಾದ ಗಾಳಿ. ನನ್ನ ಫಿಲ್ಟರ್ ಲಕ್ಷದ್ವೀಪದ ಹತ್ತಿರ ಓಖಿಯ ನಡುಭಾಗವನ್ನೇ ಗುಡಿಸಿ ಹಾಕಿ, ಸಮುದ್ರ ಶಾಂತವಾಗಿದೆ ಅಂತ ತೋರಿಸುತ್ತಿದೆ.