ಅಳಬೇಡ ಅನ್ನಲಿಲ್ಲ ಆತ

ಈ ಸಲ ಈಸ್ಟರ್ ನಸುಕಿನಲ್ಲಿ ಗುಳೇದಗುಡ್ಡದ ನಮ್ಮ ಸಮಾಧಿ ಜಾಗಕ್ಕೆ ಹೋದಾಗ ಮೂಗಿಗೆ ಮೊದಲು ಬಡಿದದ್ದು ಹಸಿ ಸುಣ್ಣದ ವಾಸನೆ. ಹಿಂದಿನ ದಿನವೇ ಎಲ್ಲರೂ ಬಂದು ತಮ್ಮವರ ಸಮಾಧಿಗೆ ಸುಣ್ಣ ಬಳಿದು ಹೋಗಿದ್ದರು. ನಮ್ಮ ತಮ್ಮನದಕ್ಕೆ ಬಳಿಯಲು ಏನೂ ಇರಲಿಲ್ಲ. ಇನ್ನೂ ಬರೀ ಮಣ್ಣು. ಶ್ರಾವಣದಲ್ಲಿ ಹೋದವನು. ಮಳೆಗೆ ಕುಸಿದ ಮಣ್ಣನ್ನು ಅವ್ವ ಬರಿಗೈಯಿಂದಲೇ ಏರಿಸಿ ತಟ್ಟಿದ್ದಳು. ಮಗು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ.

ಅವನು ತೀರಿಕೊಂಡಾಗ ಮನೆಗೆ ಬಂದವರು ಕಡಿಮೆ ಇರಲಿಲ್ಲ. ಪಕ್ಕದ ಓಣಿಯ ಲಿಂಗಾಯತರ ಮನೆಯ ಅಕ್ಕ ಮೂರು ದಿನ ರೊಟ್ಟಿ, ಝುಣಕ ತಂದಿಟ್ಟು, ಒಂದು ಮಾತೂ ಆಡದೆ ಅವ್ವನ ಬೆನ್ನು ಸವರುತ್ತಾ ಕೂತಿದ್ದಳು. ಆದರೆ ನಮ್ಮ ಕ್ರೈಸ್ತ ಸಭೆಯ ಹಿರಿಯಳೊಬ್ಬಳು ನನ್ನ ಕೈ ಹಿಡಿದು, "ಅಳಬ್ಯಾಡ ತಂಗಿ, ವಿಶ್ವಾಸ ಇದ್ದವರು ಹಿಂಗ ಅಳಬಾರ್ದು. ದೇವರ ಚಿತ್ತ" ಅಂದಳು. ಪ್ರೀತಿಯಿಂದಲೇ ಅಂದದ್ದು, ಗೊತ್ತು. ಆದರೂ ಅವತ್ತಿನಿಂದ ನನಗೆ ದೇವಾಲಯದಲ್ಲಿ ಕೂತು ಅಳೋದಕ್ಕೂ ಸಂಕೋಚ, ಹಾಡೋದಕ್ಕೂ ಆಗದು. ಎಷ್ಟೋ ಭಾನುವಾರ ಸುಮ್ನೆ ಕೂತು ಎದ್ದು ಬಂದೆ.

ಆಗ ನೆನಪಾದವಳು ನಮ್ಮ ಆಯಿ, ಅಂದರೆ ಅಜ್ಜಿ. 1851ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಈ ಊರಿಗೆ ಬಂದರು. ಊರು ಆಗಲೂ ನೇಕಾರರದ್ದು, ಈಗಲೂ ನೇಕಾರರದ್ದು. ಆಯಿಯೂ ರವಿಕೆಯ ಖಣ ನೇಯುವ ಮನೆಯವಳೇ. ಅಜ್ಜ ತೀರಿಕೊಂಡ ಮೇಲೆ ಆಕೆ ಕುಣಿಮಗ್ಗದ ಮುಂದೆ ಕೂತು ಹಾಸಿನ, ಅಂದರೆ ಉದ್ದದ, ಎಳೆ ಕೂಡಿಸುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಗ್ಗದಲ್ಲಿ ಉಳಿದ ಹಳೆ ಎಳೆಯ ತುದಿಗೆ ಹೊಸ ಎಳೆಯ ತುದಿ ಇಟ್ಟು ಹೊಸೆಯಬೇಕು. ಬೆರಳು ಜಾರದಂತೆ ಬೂದಿ ಹಚ್ಚಿಕೊಳ್ಳಬೇಕು. ಒಂದಾದ ಮೇಲೆ ಒಂದು, ಒಂದೂ ಬಿಡುವಂತಿಲ್ಲ. ಆಯಿ ಹೊಸೆಯುತ್ತಾ ಅಳುತ್ತಿದ್ದಳು. ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಮತ್ತೆ ಬೂದಿ ಮುಟ್ಟುತ್ತಿದ್ದಳು. ಎರಡೂ ಕೆನ್ನೆ ಮೇಲೆ ಬೂದಿಯ ಗೆರೆ. ಯಾರೋ ಸಾಕು ಮಾಡು ಅಂದರೆ, "ಲಾಜರ ಸತ್ತಾಗ ಸ್ವಾಮಿನೂ ಅತ್ತಾನ. ನಾ ಯಾಕ ಅಳಬಾರ್ದು?" ಅಂದಿದ್ದಳು. ಎಳೆ ಮಾತ್ರ ಕೈಬಿಡಲಿಲ್ಲ.

ಆ ಒಂದು ಮಾತು ಹಿಡಿದುಕೊಂಡು ನಾನು ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಚಳಿಗಾಲ ಪೂರ್ತಿ ಓದಿದೆ. ಮಾರ್ಥ, ಮರಿಯ ಅನ್ನೋ ಅಕ್ಕತಂಗಿಯರ ತಮ್ಮ ಲಾಜರನನ್ನು ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಮಾರ್ಥ ಎದುರು ಹೋಗಿ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಆಮೇಲೆ ಮರಿಯ ಬರುತ್ತಾಳೆ. ಆಕೆಯದೂ ಅದೇ ಮಾತು. ಅಕ್ಕತಂಗಿಯರು ನಾಲ್ಕು ದಿನ ಮನೆಯೊಳಗೆ ಅದನ್ನೇ ಹೇಳಿಕೊಂಡು ಕೂತಿದ್ದರೇನೋ ಅನಿಸಿತು. ನಾನೂ ಅವ್ವನೂ ಹಾಗೇ ಅಲ್ವಾ, ಒಂದು ತಾಸು ಮೊದಲು ಕರೆದುಕೊಂಡು ಹೋಗಿದ್ದರೆ, ಒಂದು ತಾಸು ಮೊದಲು.

ಮಾರ್ಥಳಿಗೆ ಯೇಸು ಪುನರುತ್ಥಾನದ ಮಾತು ಹೇಳುತ್ತಾನೆ. ಅದೇ ದೂರನ್ನು ಮರಿಯ ಹೇಳಿದಾಗ ಬೋಧನೆ ಇಲ್ಲ. ಆಕೆ ಅಳುವುದನ್ನು ನೋಡಿ ತಾನೂ ಕಣ್ಣೀರು ಬಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಆತನಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತ. ಇದನ್ನು ಚಿಕ್ಕವಳಿದ್ದಾಗಿಂದ ಕೇಳಿದ್ದೇನೆ. ಈ ವರ್ಷವೇ ನನಗೆ ಅದು ತಟ್ಟಿದ್ದು. ಎದ್ದು ಬರುತ್ತಾನೆ ಅಂತ ನಂಬಿದವರೂ ಅಳಬಹುದು. ಅತ್ತರೆ ನಂಬಿಕೆ ಕಮ್ಮಿಯಾಗೋದಿಲ್ಲ.

ಮೊದಲೆಲ್ಲ ಸಾವಿನ ಮನೆಯಲ್ಲಿ ಸಂಜೆ ಸಂಜೆ ಸಭೆಯವರು ಬಂದು ಚಾಪೆ ಹಾಸಿ ಕೂತು ಹಾಡುತ್ತಿದ್ದರು. ಮನೆಯವರಿಗೆ ಹಾಡಲು ಆಗದಿದ್ದರೂ ಅವರ ಪಾಲಿನದನ್ನು ಉಳಿದವರು ಹಾಡುತ್ತಿದ್ದರು. ಈಗ ಮೊಬೈಲಿನಲ್ಲಿ ಕೈ ಮುಗಿದ ಚಿತ್ರ ಕಳಿಸಿ ಮುಗಿಸುತ್ತೇವೆ. ನಾನೂ ಕಳಿಸಿದವಳೇ. ಇನ್ನು ಮೇಲೆ ಹೋಗಿ ಕೂರಬೇಕು.

ಈಸ್ಟರ್ ನಸುಕಿನಲ್ಲಿ ಪಾಸ್ಟರ್ ಓದಿದ್ದು ಮಗ್ದಲದ ಮರಿಯಳ ಕಥೆ. ಸಮಾಧಿಯ ಹೊರಗೆ ಅಳುತ್ತಾ ನಿಂತವಳನ್ನು, ಎದ್ದು ಬಂದ ಸ್ವಾಮಿ ಅಳಬೇಡ ಅನ್ನಲಿಲ್ಲ. ಯಾಕೆ ಅಳುತ್ತೀ ಅಂತ ಕೇಳಿದ. ಆಮೇಲೆ ಹೆಸರು ಹಿಡಿದು ಕರೆದ. ನಾನು ಮಣ್ಣಿನ ಪಕ್ಕ ಮೊಣಕಾಲೂರಿ, ಯಾರು ನೋಡುತ್ತಾರೆ ಅನ್ನದೆ, ಮನಸ್ಸು ಹಗುರಾಗುವಷ್ಟು ಅತ್ತೆ. ಅವ್ವ ತಡೆಯಲಿಲ್ಲ.

ಹಾಡು ಶುರುವಾದಾಗ ಎದ್ದು ನೋಡಿದರೆ, ಎರಡು ಸಾಲು ಆಚೆ, ತನ್ನ ಗಂಡನ ಸಮಾಧಿಯ ಮುಂದೆ ಆ ಹಿರಿಯಳು ನಿಂತಿದ್ದಳು. ಬೇಡ ಅಂದವಳೇ ಸೆರಗು ಬಾಯಿಗಿಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಕೈಯಲ್ಲಿನ ಮೇಣದಬತ್ತಿ ಗಾಳಿಗೆ ಆರಿಹೋಗಿತ್ತು. ನಾನು ಹೋಗಿ ನನ್ನದರಿಂದ ಅದನ್ನು ಹಚ್ಚಿದೆ. ಏನೂ ಹೇಳದೆ, ಹಾಡು ಮುಗಿಯುವವರೆಗೂ ಆಕೆಯ ಪಕ್ಕದಲ್ಲೇ ನಿಂತೆ.