ಬಂಡಿಯೇ ಮನೆಯಾದಾಗ

ಎರಡು ದಿನಗಳಿಂದ ಪೋಲೆಂಡಿನ ವಿಭಜನೆಯ ಇತಿಹಾಸವನ್ನು ಓದುತ್ತಿದ್ದೇನೆ. ಮನಸ್ಸು ಅಲ್ಲಿಂದ ಕದಲುತ್ತಿಲ್ಲ. ರಷ್ಯಾ, ಜರ್ಮನ್ ರಾಜ್ಯವಾದ ಪ್ರಷ್ಯಾ, ಆಸ್ಟ್ರಿಯಾಗಳು 1772, 1793 (ಈ ಬಾರಿ ಆಸ್ಟ್ರಿಯಾ ಸೇರಿರಲಿಲ್ಲ) ಮತ್ತು 1795ರಲ್ಲಿ ಆ ನಾಡನ್ನು ಕತ್ತರಿಸಿ ಹಂಚಿಕೊಂಡವು. ಅಲ್ಲಿಂದ 1918ರವರೆಗೆ, ಅಂದರೆ 123 ವರ್ಷ, ಪೂರ್ಣ ಸ್ವತಂತ್ರ ಪೋಲೆಂಡ್ ಎಂಬುದೇ ಇರಲಿಲ್ಲ. ಆಸ್ಟ್ರಿಯಾದ ಪಾಲಾದ ಗಲಿಷಿಯಾದಲ್ಲಿ 1860ರ ದಶಕದಿಂದೀಚೆಗೆ ಪೋಲಿಷ್ ಭಾಷೆಗೆ ಶಾಲೆ, ಕಚೇರಿಗಳಲ್ಲಿ ಸ್ಥಾನ ಸಿಕ್ಕಿತು, ಆದರೆ ಬಡತನ ವಿಪರೀತವಾಗಿತ್ತು. ರಷ್ಯಾವಂತೂ 1863ರ ದಂಗೆಯನ್ನು ಅಡಗಿಸಿದ ಬಳಿಕ ಶಾಲೆಗಳಲ್ಲಿ ರಷ್ಯನ್ ಹೇರಿ, ಪೋಲೆಂಡ್ ಎಂಬ ಹೆಸರಿನ ಬದಲು, ಅಲ್ಲಿನ ನದಿಯ ಹೆಸರು ಹಿಡಿದು, ‘ವಿಸ್ತುಲಾ ಸೀಮೆ’ ಎಂದು ಬರೆಯತೊಡಗಿತು.

ನನ್ನನ್ನು ಹೆಚ್ಚು ಕಾಡಿದ್ದು ಪ್ರಷ್ಯಾದ ಭಾಗ. ಪೋಲಿಷರು ಹೊಸ ಮನೆ ಕಟ್ಟದಂತೆ ತಡೆಯಲು ಬಳಸುತ್ತಿದ್ದ 1904ರ ಕಾನೂನಿನಿಂದಾಗಿ ಸ್ವಂತ ಜಮೀನಿನಲ್ಲಿ ಮನೆ ಕಟ್ಟಲು ಪರವಾನಗಿ ಸಿಗದ ಮಿಹಾವ್ ಜಿಮಾವಾ ಎಂಬ ಪೋಲಿಷ್ ರೈತ, ಸರ್ಕಸ್ಸಿನವರ ಹಳೆಯ ಬಂಡಿಯೊಂದನ್ನು ಕೊಂಡು ತಂದು, ಸಂಸಾರಸಮೇತ ಅದರಲ್ಲೇ ವಾಸಿಸಿದ. ಗಾಲಿಯಿರುವುದರಿಂದ ಅದು ಮನೆಯಲ್ಲ ಎಂಬುದು ಅವನ ವಾದವಾಗಿತ್ತು. ಅಧಿಕಾರಿಗಳು ಬಂಡಿಯೊಳಗಿನ ಒಲೆಗೂ ತಕರಾರು ತೆಗೆದರು. ದೇವರೊಡನೆ ಆಡುವ ಮಾತಿಗೂ ಸರ್ಕಾರವೇ ಭಾಷೆ ಗೊತ್ತುಮಾಡಿತ್ತೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ: 1901ರಲ್ಲಿ ವ್ಝೆಶ್ನ್ಯಾ ಪಟ್ಟಣದ ಶಾಲೆಯಲ್ಲಿ ಧರ್ಮಪಾಠವನ್ನು ಜರ್ಮನ್‌ನಲ್ಲಿ ಒಪ್ಪಿಸಲು ನಿರಾಕರಿಸಿದ ಮಕ್ಕಳಿಗೆ ಬೆತ್ತದ ಏಟು ಬಿತ್ತು, ಪ್ರತಿಭಟಿಸಿದ ಹೆತ್ತವರಲ್ಲಿ ಹಲವರು ಜೈಲು ಸೇರಿದರು.