ಎಂಪೈರ್ ಸ್ಟೇಟ್ ಪಕ್ಕದಲ್ಲಿ ಏಳಬೇಕಿದ್ದ ಗೋಪುರ

ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್‌ಗೆ ಹೋಗುವ ರೈಲು ಸಿಕಾಕಸ್ ನಿಲ್ದಾಣದ ಆಸುಪಾಸಿನಲ್ಲಿ ಜೌಗು ನೆಲದ ಒಂದು ದೊಡ್ಡ ಬಯಲನ್ನು ಹಾಯುತ್ತದೆ. ಪೂರ್ವಕ್ಕೆ ಅಡ್ಡಲಾಗಿ ಮಲಗಿದ ದಿಬ್ಬದ ಮೇಲಿಂದ ಎಂಪೈರ್ ಸ್ಟೇಟ್ ಕಟ್ಟಡದ ತುದಿ ಕಾಣಿಸಿಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ರೈಲು ಹಡ್ಸನ್ ನದಿಯಡಿಯ ಸುರಂಗಕ್ಕೆ ಇಳಿದುಬಿಡುತ್ತದೆ. ಮೈಸೂರಿನಲ್ಲಿ ಬೆಳೆದ ನನಗೆ ಚಾಮುಂಡಿ ಬೆಟ್ಟ ಯಾವ ಕಡೆಗಿದೆ ಎಂದು ನೋಡಿಕೊಂಡು ದಿಕ್ಕು ಹಿಡಿಯುವ ಅಭ್ಯಾಸ ಚಿಕ್ಕಂದಿನಿಂದಲೂ ಇತ್ತು. ಈ ಊರಿಗೆ ಬಂದ ಮೇಲೆ ನನಗೆ ಬೆಟ್ಟವಾಗಿ ನಿಂತದ್ದು ಆ ಕಟ್ಟಡ. ಹಾಗಾಗಿ 2010ರ ಬೇಸಿಗೆಯಲ್ಲಿ, ಅದಕ್ಕೆ ಹೆಚ್ಚುಕಡಿಮೆ ಸರಿಸಮನಾದ ಇನ್ನೊಂದು ಗೋಪುರ ಅದರ ಪಶ್ಚಿಮಕ್ಕೆ, ಎಂದರೆ ಸರಿಯಾಗಿ ನಮ್ಮ ಕಣ್ಣಿಗೆ ಅಡ್ಡವಾಗಿ ಏಳಲಿದೆ ಎಂಬ ಸುದ್ದಿ ಬಂದಾಗ, ಅದನ್ನು ಪರರ ಊರಿನ ವಿಷಯವೆಂದು ಬದಿಗಿಡಲು ನನ್ನಿಂದಾಗಲಿಲ್ಲ.

ಯೋಜನೆಯ ಹೆಸರು 15 ಪೆನ್ ಪ್ಲಾಜಾ. ನಮ್ಮ ರೈಲು ಬಂದು ನಿಲ್ಲುವ ಪೆನ್ ಸ್ಟೇಷನ್ನಿನ ಎದುರಿಗೆ, ಏಳನೇ ಅವೆನ್ಯೂವಿನಲ್ಲಿ, 1919ರಿಂದ ನಿಂತಿದ್ದ ಹೋಟೆಲ್ ಪೆನ್ಸಿಲ್ವೇನಿಯಾವನ್ನು ಕೆಡವಿ ಅಲ್ಲಿ 1,216 ಅಡಿ ಎತ್ತರದ ಕಚೇರಿ ಗೋಪುರ ಕಟ್ಟುವುದು ವೊರ್ನಾಡೊ ಎಂಬ ರಿಯಲ್ ಎಸ್ಟೇಟ್ ಸಂಸ್ಥೆಯ ಉದ್ದೇಶವಾಗಿತ್ತು. ಪೆಲ್ಲಿ ಕ್ಲಾರ್ಕ್ ಪೆಲ್ಲಿ ಎಂಬ ವಾಸ್ತುಶಿಲ್ಪ ಸಂಸ್ಥೆಯದು ವಿನ್ಯಾಸ. ಆಂಟೆನಾವನ್ನು ಬಿಟ್ಟರೆ ಎಂಪೈರ್ ಸ್ಟೇಟ್‌ನ ಎತ್ತರ 1,250 ಅಡಿ. ಎರಡಕ್ಕೂ ನಡುವಿನ ವ್ಯತ್ಯಾಸ 34 ಅಡಿ ಮಾತ್ರ, ಅಂತರವೋ ಕೇವಲ ಎರಡು ಅವೆನ್ಯೂ.

ಜೋರಾಗಿ ವಿರೋಧಿಸಿದವರು ಎಂಪೈರ್ ಸ್ಟೇಟ್ ಕಟ್ಟಡದ ಮಾಲೀಕರ ಪರವಾಗಿ ಮಾತನಾಡುತ್ತಿದ್ದ ಆಂಥೊನಿ ಮಾಲ್ಕಿನ್. ತಮ್ಮ ಕಟ್ಟಡದ ಸುತ್ತ 17 ಬ್ಲಾಕ್‌ಗಳ ವ್ಯಾಪ್ತಿಯಲ್ಲಿ ಅಷ್ಟೆತ್ತರದ್ದು ಯಾವುದೂ ಬರಬಾರದು ಎಂಬುದು ಅವರ ಬೇಡಿಕೆ. ಅದರಲ್ಲಿ ಸ್ವಹಿತವಿತ್ತು ಎಂಬುದು ನಿಜ, ಏಕೆಂದರೆ ವೀಕ್ಷಣಾ ಮಹಡಿಯ ಟಿಕೆಟ್ಟುಗಳು ಆ ಕಟ್ಟಡಕ್ಕೆ ದೊಡ್ಡ ಆದಾಯ ತರುತ್ತವೆ. ಆದರೆ ಅವರ ಲಾಭದೊಂದಿಗೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಜನರಿಗೂ ಕಸಿವಿಸಿಯಾಗಿತ್ತು. ಪ್ಯಾರಿಸ್‌ಗೆ ಐಫೆಲ್ ಗೋಪುರ ಹೇಗೋ ನ್ಯೂಯಾರ್ಕಿಗೆ ಇದು ಹಾಗೆ, ಅದರ ಮಗ್ಗುಲಲ್ಲಿ ಅಷ್ಟೇ ಎತ್ತರದ ಗಾಜಿನ ಗೋಡೆಯನ್ನು ಯಾರು ಸಹಿಸಿಯಾರು ಎಂದು ಕೇಳಿದವರಿದ್ದರು. 2001ರ ನಂತರ ದಿಗಂತದಲ್ಲಿ ಒಂದು ಖಾಲಿ ಜಾಗವನ್ನು ದಿನವೂ ನೋಡುತ್ತ ಬದುಕಿದ ಜನರಿಗೆ ಉಳಿದುಕೊಂಡ ಆ ಒಂದು ಆಕಾರದ ಮೇಲೆ ಎಷ್ಟು ಅಕ್ಕರೆ ಇತ್ತೆಂಬುದನ್ನು ರೈಲಿನ ಮಾತುಕತೆಗಳಲ್ಲಿ ನಾನೇ ಕೇಳಿದ್ದೇನೆ.

ಇನ್ನೊಂದು ಪಕ್ಷದ ಮಾತೂ ಹಗುರವಾದುದಲ್ಲ. ಅಷ್ಟೊಂದು ರೈಲುಗಳು ಬಂದು ಸೇರುವ ನಿಲ್ದಾಣದ ಎದುರಿನಲ್ಲಲ್ಲದೆ ಮತ್ತೆಲ್ಲಿ ದೊಡ್ಡ ಕಚೇರಿಗಳು ಇರಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಅಂದೂ ಉತ್ತರವಿರಲಿಲ್ಲ. ನಿಯಮಕ್ಕಿಂತ ದೊಡ್ಡ ಗಾತ್ರಕ್ಕೆ ಅನುಮತಿ ಕೊಟ್ಟರೆ, 33ನೇ ಬೀದಿಯ ಅಡಿಯಲ್ಲಿ ಪೆನ್ ಸ್ಟೇಷನ್ನನ್ನೂ ಹೆರಾಲ್ಡ್ ಸ್ಕ್ವೇರನ್ನೂ ಜೋಡಿಸುವ, 1980ರ ದಶಕದಿಂದ ಮುಚ್ಚಿಕೊಂಡೇ ಇದ್ದ ಗಿಂಬೆಲ್ಸ್ ಹಾದಿಯನ್ನು ತಮ್ಮ ಖರ್ಚಿನಲ್ಲಿ ಮತ್ತೆ ತೆರೆಯುವುದಾಗಿ ಕಟ್ಟುವವರು ಮಾತು ಕೊಟ್ಟಿದ್ದರು. ಮಳೆ ಹಿಮಗಳಲ್ಲಿ ಆ ದೂರವನ್ನು ನಡೆದು ಕಚೇರಿ ಸೇರುವವರಿಗೆ ಅದು ದೊಡ್ಡ ಉಪಕಾರವೇ ಆಗುತ್ತಿತ್ತು. ನಗರವೆಂದರೆ ಬೆಳೆಯುತ್ತಿರಬೇಕಾದದ್ದು, ಒಬ್ಬರ ಕಟ್ಟಡ ಸದಾ ಒಂಟಿಯಾಗಿ ಕಾಣಬೇಕೆಂದು ಉಳಿದವರನ್ನು ತಡೆಯಲಾಗದು ಎಂಬುದು ಮೇಯರ್ ಬ್ಲೂಮ್‌ಬರ್ಗ್ ಅವರ ನಿಲುವು. ಆಗಸ್ಟ್ 25ರಂದು ನಗರ ಪರಿಷತ್ತು 47ಕ್ಕೆ 1 ಮತದಿಂದ ಯೋಜನೆಯನ್ನು ಒಪ್ಪಿತು. ಆ ನೋಟವನ್ನು ದಿನವೂ ಕಣ್ತುಂಬಿಕೊಳ್ಳುತ್ತಿದ್ದ ನದಿಯಾಚೆಯ ನಮ್ಮನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಅದೇ ವಾರ ನಡೆದ ಇನ್ನೊಂದು ಜಗಳವನ್ನು ಭಾರತೀಯರಲ್ಲಿ ಅನೇಕರು ನೆನಪಿಟ್ಟಿರಬಹುದು. ಆಗಸ್ಟ್ 26 ಮದರ್ ತೆರೇಸಾ ಅವರ ಜನ್ಮಶತಮಾನೋತ್ಸವ. ಅಂದಿನ ರಾತ್ರಿ ಎಂಪೈರ್ ಸ್ಟೇಟ್‌ನ ತುದಿಯನ್ನು ಅವರ ಸೀರೆಯ ನೀಲಿ ಮತ್ತು ಬಿಳಿ ಬಣ್ಣಗಳಿಂದ ಬೆಳಗಿಸಬೇಕೆಂಬ ಕೋರಿಕೆಯನ್ನು ಮಾಲೀಕರು ಒಪ್ಪಲಿಲ್ಲ. ಇದು ಖಾಸಗಿ ಕಟ್ಟಡ, ಧಾರ್ಮಿಕ ವ್ಯಕ್ತಿಗಳ ಹೆಸರಿನಲ್ಲಿ ದೀಪ ಬೆಳಗಿಸುವುದಿಲ್ಲವೆಂಬುದು ನಮ್ಮ ನಿಯಮ ಎಂದರು. ಬೀದಿಯಲ್ಲಿ ಪ್ರತಿಭಟನೆ ನಡೆಯಿತು. ದೀಪದ ವಿಷಯದಲ್ಲಿ ಮಾಲೀಕರ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನನ್ನನ್ನು ಕಾಡಿದ್ದು ಆ ಎರಡು ವಾದಗಳು ಒಂದೇ ವಾರದಲ್ಲಿ ಒಂದೇ ಬಾಯಿಂದ ಬಂದದ್ದು: ಪಕ್ಕದಲ್ಲಿ ಗೋಪುರ ಏಳುವಾಗ ಈ ಕಟ್ಟಡ ಇಡೀ ನಗರದ್ದು, ದೀಪ ಯಾವ ಬಣ್ಣದಲ್ಲಿ ಉರಿಯಬೇಕೆನ್ನುವಾಗ ಅದು ಖಾಸಗಿಯವರದ್ದು. ಕಟ್ಟಡ ಅವರದೇ, ಆದರೆ ಅದು ಕಾಣುವ ಬಗೆ ನಮ್ಮೆಲ್ಲರದು ಎಂದು ನಾನು ನಂಬಿದ್ದೇನೆ. ಹಾಗೆ ನಂಬುವುದಾದರೆ ಅದನ್ನು ಕಾಯುವ ಹೊಣೆಯನ್ನು ಮಾಲೀಕರೊಬ್ಬರ ವಕೀಲಿಕೆಗೆ ಬಿಡದೆ ನಾವೇ ಹೊರಬೇಕಾಗಿತ್ತು.

ಹೊರಲಿಲ್ಲ. ಅದಕ್ಕಿಂತಲೂ ನನಗೆ ಹೆಚ್ಚು ನೋವಾಗುವುದು, ಅಷ್ಟೆಲ್ಲ ಗದ್ದಲದಲ್ಲಿ ನಾವು ಎತ್ತರವನ್ನೇ ನೋಡುತ್ತ ನೆಲದ ಮೇಲೆ ಇದ್ದದ್ದನ್ನು ಮರೆತೆವಲ್ಲ ಎಂಬುದಕ್ಕೆ. ಹೋಟೆಲ್ ಪೆನ್ಸಿಲ್ವೇನಿಯಾ ತೆರೆದಾಗ ಅದರಲ್ಲಿ 2,200 ಕೋಣೆಗಳಿದ್ದವು, ಜಗತ್ತಿನಲ್ಲೇ ಅಷ್ಟು ದೊಡ್ಡ ಹೋಟೆಲ್ ಆಗ ಇನ್ನೊಂದಿರಲಿಲ್ಲ. ಕಟ್ಟಿಸಿದ್ದು ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿ, ನಾವು ದಿನವೂ ಹಾಯುವ ಸುರಂಗವನ್ನು ತೋಡಿಸಿದ್ದೂ ಅದೇ ಕಂಪನಿ. ಎದುರಿನ ಹಳೆಯ ಪೆನ್ ಸ್ಟೇಷನ್ ಮತ್ತು ಹೋಟೆಲ್ ಎರಡನ್ನೂ ವಿನ್ಯಾಸಗೊಳಿಸಿದ್ದು ಮೆಕಿಮ್, ಮೀಡ್ ಆ್ಯಂಡ್ ವೈಟ್ ಸಂಸ್ಥೆ. ನಿಲ್ದಾಣವನ್ನು 1963ರಿಂದ ಕೆಡವಿದ ಮೇಲೆ ಆ ಜೋಡಿಯಲ್ಲಿ ಉಳಿದದ್ದು ಹೋಟೆಲೊಂದೇ. ಅದರ ಕೆಫೆ ರೂಜ್ ಸಭಾಂಗಣದಲ್ಲಿ ಗ್ಲೆನ್ ಮಿಲ್ಲರ್ ವಾದ್ಯವೃಂದ ನುಡಿಸುತ್ತಿತ್ತು. ಹೋಟೆಲಿನ ದೂರವಾಣಿ ಸಂಖ್ಯೆಯೇ 1940ರಲ್ಲಿ ಅಮೆರಿಕದ ಮನೆಮನೆಯ ಹಾಡಾಯಿತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಾಯಿಗಳ ಪ್ರದರ್ಶನ ನಡೆಯುವ ದಿನಗಳಲ್ಲಿ ಆ ನಾಯಿಗಳೂ ಅವುಗಳ ಒಡೆಯರೂ ಇಳಿದುಕೊಳ್ಳುತ್ತಿದ್ದದ್ದು ಇಲ್ಲಿಯೇ. ಕಂಪ್ಯೂಟರ್ ಹ್ಯಾಕರ್‌ಗಳ ದೊಡ್ಡ ಸಮಾವೇಶವೊಂದು ವರ್ಷಗಳ ಕಾಲ ಇಲ್ಲಿಯೇ ನಡೆಯಿತು. ಹೋಟೆಲನ್ನು ಉಳಿಸಿ ಎಂದು ಮೊದಲು ದನಿ ಎತ್ತಿದವರಲ್ಲಿ ಅವರೂ ಇದ್ದರು ಎಂಬುದನ್ನು ಗೌರವದಿಂದ ನೆನೆಯುತ್ತೇನೆ. ಸ್ಥಳೀಯ ಸಮುದಾಯ ಮಂಡಳಿ ಕೇಳಿಕೊಂಡರೂ ಪಾರಂಪರಿಕ ಕಟ್ಟಡಗಳ ಆಯೋಗ ಅದಕ್ಕೆ ರಕ್ಷಣೆ ಕೊಡಲಿಲ್ಲ.

ನ್ಯೂಯಾರ್ಕಿನಲ್ಲಿ ನನ್ನ ಮೊದಲ ರಾತ್ರಿ ಕಳೆದದ್ದು ಅದೇ ಹೋಟೆಲಿನಲ್ಲಿ. ಮಿಡ್‌ಟೌನ್‌ನ ನಡುವೆ ಹೊಸದಾಗಿ ಬಂದ ನನ್ನಂಥವನ ಕೈಗೆ ಎಟುಕುವ ಬಾಡಿಗೆಯ ಕೋಣೆ ಅಲ್ಲಿ ಸಿಕ್ಕಿತ್ತು. ಕಿಟಕಿಯಿಂದ ಓರೆಯಾಗಿ ಬಗ್ಗಿ ನೋಡಿದರೆ ಎಂಪೈರ್ ಸ್ಟೇಟ್‌ನ ದೀಪಗಳು ಕಾಣುತ್ತಿದ್ದವು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದ ಮೊದಲ ಸಂಗತಿಯೂ ಅದೇ.

ಎಂಪೈರ್ ಸ್ಟೇಟ್ ಕಟ್ಟಡ ನಿಂತಿರುವುದೂ ಒಂದು ಹೋಟೆಲಿನ ಜಾಗದಲ್ಲಿ ಎಂಬುದನ್ನು ಆಗ ಹಲವರು ನೆನಪಿಸಿದರು. ಮೊದಲ ವಾಲ್ಡಾರ್ಫ್ ಆಸ್ಟೋರಿಯಾವನ್ನು 1929ರಲ್ಲಿ ಕೆಡವಿ, 1931ರ ಮೇ 1ರಂದು ಇದನ್ನು ಉದ್ಘಾಟಿಸಿದರು. ಮಾತು ನಿಜ. ಆದರೆ ಆ ಅಗಲಿಕೆಗೆ ಬದಲಾಗಿ ನಗರಕ್ಕೆ, ಕಟ್ಟಲು ತೊಡಗಿದ ಹದಿನಾಲ್ಕು ತಿಂಗಳೊಳಗೆ, ಒಂದು ಅದ್ಭುತ ಸಿಕ್ಕಿತು. ಹೋಟೆಲ್ ಪೆನ್ಸಿಲ್ವೇನಿಯಾಕ್ಕೆ ಬದಲಾಗಿ ಏನೂ ಸಿಗಲಿಲ್ಲ. 15 ಪೆನ್ ಪ್ಲಾಜಾ ಕಡತದಲ್ಲೇ ಉಳಿಯಿತು, ವಿನ್ಯಾಸಗಳು ಬದಲಾದವು, 2020ರಲ್ಲಿ ಕೊರೋನಾ ಕಾಲಕ್ಕೆ ಹೋಟೆಲ್ ಬಾಗಿಲು ಹಾಕಿತು. ಮುಂದೆ ಮಹಡಿಯ ಮೇಲಿನ ಮಹಡಿಯಾಗಿ ಅದನ್ನು ಬಿಚ್ಚಿ ಹಾಕಿದರು. ಅಷ್ಟು ಹೊತ್ತಿಗೆ ಮನೆಯಿಂದಲೇ ಕೆಲಸ ಮಾಡುವುದನ್ನು ಕಲಿತ ನಗರದಲ್ಲಿ ಹೊಸ ಕಚೇರಿ ಗೋಪುರ ಕಟ್ಟುವ ಆತುರ ಕಡಮೆಯಾಗಿತ್ತು.

ನೋಟವಾದರೂ ಉಳಿಯಿತೇ ಎಂದರೆ, ಪಶ್ಚಿಮದಲ್ಲಿ ಉಳಿಯಿತು, ದಕ್ಷಿಣದಲ್ಲಿ ಹೋಯಿತು. ಫಿಫ್ತ್ ಅವೆನ್ಯೂವಿನಲ್ಲಿ 29ನೇ ಬೀದಿಯ ಬಳಿ 860 ಅಡಿಯ ತೆಳ್ಳನೆಯ ವಸತಿ ಗೋಪುರವೊಂದು ಎದ್ದು, ಮ್ಯಾಡಿಸನ್ ಸ್ಕ್ವೇರ್ ಕಡೆಯಿಂದ ಎಂಪೈರ್ ಸ್ಟೇಟ್ ಕಾಣುತ್ತಿದ್ದ ಪ್ರಸಿದ್ಧ ನೋಟಕ್ಕೆ ಅಡ್ಡ ನಿಂತಿದೆ. ಇದಕ್ಕೆ ಪರಿಷತ್ತಿನ ಮತವೇ ಬೇಕಾಗಲಿಲ್ಲ. ನಿಯಮದ ಮಿತಿಯೊಳಗೆ ಕಟ್ಟುವವರು ಅಲ್ಲಿ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿಲ್ಲ. ಬಹುಪಾಲು ಜನರಿಗೆ ಗೊತ್ತಾದದ್ದು ಗೋಪುರ ಕಣ್ಣಿಗೆ ಬಿದ್ದ ಮೇಲೆ. 2010ರಲ್ಲಿ ಒಂದು ಗೋಪುರದ ವಿರುದ್ಧ ಅಷ್ಟೆಲ್ಲ ಮಾತಾಡಿದವರು ನೋಟವನ್ನು ಕಾಯುವ ಕಾನೂನು ಕೇಳಿದ್ದರೆ ಎಂದು ಈಗ ಅನಿಸುತ್ತದೆ. ಅಂಥ ಕಾನೂನು ನ್ಯೂಯಾರ್ಕಿಗೆ ಅಪರಿಚಿತವೂ ಅಲ್ಲ. ಬ್ರೂಕ್ಲಿನ್ ಹೈಟ್ಸ್‌ನ ಪ್ರೊಮೆನೇಡ್‌ನಲ್ಲಿ ನಿಂತವರಿಗೆ ಬಂದರೂ ಸೇತುವೆಯೂ ಸದಾ ಕಾಣುತ್ತಿರಲೆಂದು 1970ರ ದಶಕದಲ್ಲೇ ವಿಶೇಷ ನೋಟ ವಲಯವೊಂದನ್ನು ಗುರುತಿಸಿ, ಅದರ ಮುಂದೆ ಏಳುವ ಕಟ್ಟಡಗಳಿಗೆ ಎತ್ತರದ ಮಿತಿ ಹಾಕಿದ್ದಾರೆ. ಎಲ್ಲ ದಿಕ್ಕಿನಿಂದಲೂ ಕಾಣಬೇಕೆಂದು ಹಟ ಹಿಡಿಯುವುದು ಬೆಳೆಯುವ ನಗರಕ್ಕೆ ಅನ್ಯಾಯವಾದೀತು. ಆದರೆ ಎರಡೋ ಮೂರೋ ಜಾಗಗಳನ್ನು, ಜನ ನಿಜವಾಗಿಯೂ ನಿಂತು ನೋಡುವ ಜಾಗಗಳನ್ನು ಆರಿಸಿ ಕಾಯಬಹುದಾಗಿತ್ತು.

ಕಳೆದ ಬಾರಿ ಪೆನ್ ಸ್ಟೇಷನ್ನಿನಿಂದ ಮೇಲೆ ಬಂದಾಗ ಏಳನೇ ಅವೆನ್ಯೂ ದಾಟದೆ ಸ್ವಲ್ಪ ಹೊತ್ತು ನಿಂತೆ. ಹೋಟೆಲಿನ ಕಂಬಸಾಲು ಇದ್ದ ಕಡೆ ಬೇಲಿ, ಬೇಲಿಯಾಚೆ ಬರಿಯ ನೆಲ. ಹಿಂದೆ ಆ ಗೋಡೆಗಳು ಮರೆಮಾಡುತ್ತಿದ್ದ ಎಂಪೈರ್ ಸ್ಟೇಟ್ ಈಗ ಖಾಲಿ ಜಾಗದ ಮೇಲಿಂದ ಪೂರ್ವಕ್ಕೆ ಕಾಣುತ್ತದೆ. ಊರಿನಿಂದ ಬಂದಂತಿದ್ದ ಒಂದು ಕುಟುಂಬ ಅದನ್ನು ಹಿನ್ನೆಲೆಯಾಗಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿತ್ತು. ಅವರು ಕೇಳಿದ್ದರಿಂದ ಎರಡು ಚಿತ್ರ ನಾನೇ ತೆಗೆದುಕೊಟ್ಟೆ. ಇಲ್ಲಿ ಮೊದಲು ಏನಿತ್ತು ಎಂದು ಹಿರಿಯರು ವಿಚಾರಿಸಿದಾಗ, 2,200 ಕೋಣೆಗಳ ಒಂದು ಹೋಟೆಲ್ ಇತ್ತು, ನಾನು ಅದರಲ್ಲಿ ಉಳಿದುಕೊಂಡಿದ್ದೆ ಎಂದು ಹೇಳಿದೆ.